ಶನಿವಾರ ಪೆನೋಲಾದಲ್ಲಿ ಒಂದು ತಾಸು

ದಕ್ಷಿಣ ಆಸ್ಟ್ರೇಲಿಯಾದ ಮೌಂಟ್ ಗ್ಯಾಂಬಿಯರ್ ಪ್ರವಾಸಕ್ಕೆ ಹೆಸರು ಕೊಟ್ಟವರ ಗಮನಕ್ಕೆ: ದಾರಿಯಲ್ಲಿ ಪೆನೋಲಾದ ಹಳೆಯ ಶಾಲೆಯ ಬಳಿ ಒಂದು ತಾಸು ಬಸ್ ನಿಲ್ಲುತ್ತದೆ. ಬರೀ ಕಲ್ಲಿನ ಕಟ್ಟಡ ಎಂದು ಮೂಗು ಮುರಿಯಬೇಡಿ. ಅದು 1867ರದ್ದು. ಅದಕ್ಕೂ ಒಂದು ವರ್ಷ ಮೊದಲು ಮೇರಿ ಮೆಕಿಲಪ್ ಎಂಬ ಕ್ಯಾಥೊಲಿಕ್ ಟೀಚರ್ ಇದೇ ಊರಿನಲ್ಲಿ ಪಾಠ ಶುರು ಮಾಡಿದ್ದು ಕುದುರೆ ಲಾಯದಲ್ಲಿ! ಯಾರೂ ಬಳಸದೆ ಬಿಟ್ಟಿದ್ದ ಆ ಲಾಯವನ್ನು ರಿಪೇರಿ ಮಾಡಿ ಶಾಲೆಯಾಗಿಸಿದವನು ಆಕೆಯ ತಮ್ಮ ಜಾನ್. ಪಾಠ ಹೇಳಲು ಜೊತೆಗೆ ನಿಂತವರು ತಂಗಿಯರು. ಶುಲ್ಕ ಕೊಡಲಾಗದ ಬಡವರ ಮಕ್ಕಳಿಗೂ ಅಲ್ಲಿ ಜಾಗವಿತ್ತು. ಈ ಟೀಚರಮ್ಮನಿಗೆ 1871ರಲ್ಲಿ ಬಿಷಪ್ ಬಹಿಷ್ಕಾರ ಹಾಕಿದರು, 2010ರಲ್ಲಿ ಪೋಪ್ ಸಂತ ಪದವಿ ಕೊಟ್ಟರು. ಚರ್ಚಿನ ಲೆಕ್ಕಾಚಾರ ಚರ್ಚಿಗೇ ಗೊತ್ತು.

ತಿಂಡಿ ಡಬ್ಬಿಗಳನ್ನು ಬಸ್ಸಿನಲ್ಲಿಯೇ ಬಿಟ್ಟು ಇಳಿಯಿರಿ.