ದಾವಣಗೆರೆ ಮೇಳದಲ್ಲಿ ನನ್ನ ಫೋಟೋ ನೋಡಿದವರಿಗೆ, ಉಳಿಸಿಕೊಟ್ಟವರಿಗೆ

ನಿನ್ನೆ ಸಂಜೆ ಕರಕುಶಲ ಮೇಳ ಮುಗಿಯಿತು. ನಾನು ತೆಗೆದ, ಮಂಡಕ್ಕಿ ಹುರಿಯೋ ಭಟ್ಟಿಯ ಫೋಟೋಗಳು ಮನೆಗೆ ವಾಪಸ್ ಬಂದಿವೆ. ಕಳೆದ ವರ್ಷ ನಮ್ಮ ಮನೆಯಲ್ಲಿ ಏನೇನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಅದನ್ನ ಮತ್ತೆ ಬರೆಯಲ್ಲ. ಬೀರು ಸೇರಿದ್ದ ಕ್ಯಾಮೆರಾನ ಹೊರಗೆ ತೆಗೆಸಿದ ಗೆಳೆಯರಿಗೆ, ಫ್ರೇಮ್ ಹಾಕಿಕೊಟ್ಟು ದುಡ್ಡು ನಿಧಾನಕ್ಕೆ ಕೊಡಿ ಅಂದವರಿಗೆ, ಮಳಿಗೆ ಕೊಟ್ಟ ಮೇಳದವರಿಗೆ, ಮಧ್ಯಾಹ್ನದ ಹೊತ್ತಿಗೆ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದ ಅತ್ತಿಗೆಗೆ ಥ್ಯಾಂಕ್ಸ್.

ಈಗ ಕಂಬಳಿ ಅಜ್ಜನ ವಿಷಯ.

ನನ್ನ ಪಕ್ಕದ ಮಳಿಗೆ ಅವರದು. ಚಳ್ಳಕೆರೆ ಕಡೆಯ ನೇಕಾರರು. ಮೊದಲ ದಿನ ಮಾತೇ ಆಡಿರಲಿಲ್ಲ. ಅವತ್ತು ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಗಾಳಿ ಎದ್ದಿತು, ಹಿಂದೆಯೇ ಮಳೆ. ಟಾರ್ಪಾಲಿನ ಒಂದು ಮೂಲೆ ಕಿತ್ತುಹೋಗಿ ನೀರು ನೇರ ಫ್ರೇಮ್‌ಗಳ ಮೇಲೆ ಸುರಿಯಿತು. ಕರೆಂಟೂ ಹೋಯಿತು. ಅಜ್ಜ ಏನೂ ಕೇಳಲಿಲ್ಲ, ಮಾರೋಕೆ ತಂದಿದ್ದ ಹೊಸ ಕಂಬಳಿಗಳನ್ನೇ ತಂದು ಹೊದಿಸಿದರು. ಕಂಬಳಿ ನೇಯುವಾಗ ಮಗ್ಗದ ಮೇಲೆ ಉದ್ದಕ್ಕೆ ಹಾಸುವ ದಾರಕ್ಕೆ ಹುಣಸೆ ಬೀಜದ ಗಂಜಿ ಹಚ್ಚಿರುತ್ತಾರೆ. ನೆಂದರೆ ಆ ಬಿಗಿ ಹೋಗುತ್ತದೆ, ಆಮೇಲೆ ಹೊಸದು ಅಂತ ಯಾರು ಕೊಳ್ತಾರೆ? ಬೇಡ ಅಂದೆ. ‘ಕುರಿ ಮಳ್ಯಾಗೆ ನಿಂತ್ಕಂಡೇ ಮೇಯ್ತದಲ್ಲಪ್ಪ, ಅದರ ಉಣ್ಣಿಗೇನಾಗ್ತದೆ?’ ಅಂದರು.

ಫೋಟೋ ಲ್ಯಾಬಿನ ಗೆಳೆಯನಿಗೆ ಫೋನ್ ಮಾಡಿದೆ. ಕೂಡಲೇ ಫ್ರೇಮ್ ಬಿಚ್ಚು ಅಂದ. ಫೋಟೋ ಕಾಗದದ ಮೇಲಿನ ಜೆಲಾಟಿನ್ ಪದರ ನೆಂದರೆ ಉಬ್ಬಿ ಗಾಜಿಗೆ ಅಂಟುತ್ತದೆ. ಹಾಗೇ ಒಣಗಿದ ಮೇಲೆ ಕಿತ್ತರೆ ಚಿತ್ರವೇ ಸುಲಿದು ಬರುತ್ತದೆ. ಸರಿ, ನಾನು ಮೊಬೈಲ್ ಟಾರ್ಚ್ ಹಿಡಿದೆ. ಅಜ್ಜ ಉಣ್ಣೆ ಕತ್ತರಿಯ ತುದಿಯಿಂದ ಫ್ರೇಮಿನ ಹಿಂದಿನ ಸಣ್ಣ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿದರು. ಒಂದು ಗಾಜೂ ಒಡೆಯಲಿಲ್ಲ. ಒಂದರ ಮೇಲೊಂದು ಇಡೋ ಹಾಗಿಲ್ಲವಲ್ಲ, ಮೊಳಕಾಲ್ಮೂರು ಸೀರೆಯವರೂ ಚನ್ನಪಟ್ಟಣದ ಗೊಂಬೆಯವರೂ ತಮ್ಮ ಮೇಜು ಖಾಲಿ ಮಾಡಿಕೊಟ್ಟು ಮಲಗಿದರು. ಅಜ್ಜ ಮಲಗಲಿಲ್ಲ.

ನಡುರಾತ್ರಿ ಕಳೆದ ಮೇಲೆ ನನ್ನ ಕೈಲಾಗಲಿಲ್ಲ. ಕೂತು ಜೋರಾಗಿ ಅತ್ತುಬಿಟ್ಟೆ. ಯಾಕಂತ ನಿಮಗೆ ಗೊತ್ತು. ಕಳೆದ ವರ್ಷ ಆಸ್ಪತ್ರೆಯಲ್ಲಿದ್ದಾಗ ಅಳೋಕೆ ಪುರಸೊತ್ತೇ ಇರಲಿಲ್ಲ. ಬಿಲ್ಲು, ರಕ್ತ, ಔಷಧಿ ಚೀಟಿ ಅಂತ ಓಡಾಟ. ಅಜ್ಜ ಸಮಾಧಾನ ಹೇಳೋಕೆ ಬರಲಿಲ್ಲ. ಏನಾಯ್ತು ಅಂತಲೂ ಕೇಳಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಸುಮ್ನೆ ಕೂತರು. ನಾನು ಮುಖ ಒರೆಸಿಕೊಂಡಾಗ ಮುಂದಿನ ಫ್ರೇಮನ್ನು ಕೈಗೆ ಕೊಟ್ಟರು.

ಎರಡು ಪ್ರಿಂಟ್ ಬಿಟ್ಟು ಎಲ್ಲವೂ ಉಳಿದವು. ಅಂಚು ಸ್ವಲ್ಪ ಸುರುಟಿದ್ದವು, ಗಾಜಿಲ್ಲದೇ ಕ್ಲಿಪ್ ಹಾಕಿ ನೇತುಹಾಕಿದೆ. ಹಾಗೇ ಚೆನ್ನಾಗಿತ್ತು ಅನ್ನಿಸುತ್ತದೆ. ಸಂತೆಯಲ್ಲಿ ಫೋಟೋ ನೋಡೋ ಜನಕ್ಕೆ ಗ್ಯಾಲರಿಯ ಅಂಜಿಕೆ ಇರಲ್ಲ. ಹತ್ತಿರ ಬಂದು ಬೆರಳಿಟ್ಟು ತೋರಿಸ್ತಾರೆ, ರೇಟು ಕೇಳ್ತಾರೆ, ಜಾಸ್ತಿ ಆಯ್ತು ಅಂತಾರೆ. ಈ ಊರಲ್ಲಿ ಮಂಡಕ್ಕಿ ತಿನ್ನದವರು ಯಾರಿದ್ದಾರೆ? ಆದರೆ ಕಾದ ಮರಳಿಗೆ ಅಕ್ಕಿ ಬಿದ್ದು ಅರಳೋದನ್ನ ಭಟ್ಟಿ ಒಳಗೆ ನಿಂತು ನೋಡಿದವರು ಕಡಿಮೆ.

ಭಾನುವಾರ ಭಟ್ಟಿಯವರೇ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅವರಿಗೆ ವಿಶೇಷ ಕೃತಜ್ಞತೆ. ಒಲೆ ಮುಂದೆ ನಿಂತ ತನ್ನದೇ ಫೋಟೋ ನೋಡಿ ಅಕ್ಕ ಒಬ್ಬರು, ‘ಫೋಟೋದಾಗ ಹೊಗಿ ಚಂದ ಕಾಣ್ತತಿ. ಕಣ್ಣಾಗ ಹೋದ್ರ ಗೊತ್ತಾಗ್ತತಿ’ ಅಂದರು. ನನ್ನ ಫೋಟೋಗಳ ಬಗ್ಗೆ ಇಷ್ಟು ಸರಿಯಾದ ಮಾತನ್ನ ಬೇರೆ ಯಾರೂ ಹೇಳಿಲ್ಲ.

ನೆಂದ ಕಂಬಳಿಗಳ ದುಡ್ಡನ್ನು ಅಜ್ಜ ತೆಗೆದುಕೊಳ್ಳಲಿಲ್ಲ. ಬದಲಿಗೆ, ಗುಂಡಿಮಗ್ಗದಲ್ಲಿ (ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯೋ ಮಗ್ಗ) ಕೂತು ನೇಯುವ ಫೋಟೋ ಒಂದು ಬೇಕಂತೆ, ಅಜ್ಜಿನೂ ಪಕ್ಕದಲ್ಲಿರಬೇಕಂತೆ. ಮುಂದಿನ ವಾರ ಚಳ್ಳಕೆರೆಗೆ ಹೊರಟಿದ್ದೇನೆ. ಕಾರಲ್ಲಿ ಜಾಗ ಇದೆ, ಬರೋರು ಹೇಳಿ.