ಸ್ಪಾಂಜು ಯಾವುದರದ್ದೆಂದು ತಿಳಿಸಲಿ

ಮಾನ್ಯರೇ,

ಮೈಸೂರಿನ ಅಂಗಡಿಗಳಲ್ಲಿ ಮಾರುವ ಪಾತ್ರೆ ತೊಳೆಯುವ ಸ್ಪಾಂಜುಗಳಲ್ಲಿ ಹಲವುಗಳ ಮೇಲೆ ಅವು ಯಾವ ವಸ್ತುವಿನಿಂದ ತಯಾರಾದವು ಎಂಬ ವಿವರವೇ ಇರುವುದಿಲ್ಲ. ಸಾಮಾನ್ಯವಾಗಿ ಮೆತ್ತನೆಯ ಭಾಗ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ಫೋಮ್. ಒರಟಾದ ಹಸಿರು ಭಾಗ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಗಳಿಗೆ ಉಜ್ಜುವ ಪುಡಿಯನ್ನು ರಾಳದಿಂದ ಅಂಟಿಸಿದ್ದು. ಸವೆದಂತೆಲ್ಲ ಇವುಗಳಿಂದ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಉದುರಿ ಚರಂಡಿ ಸೇರುತ್ತವೆ. ಗೋಡೆಯ ಕಲೆ ತೆಗೆಯಲೆಂದು ಬರುವ ಬಿಳಿ ಸ್ಪಾಂಜು ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಸೇರಿದ ರಾಳದ್ದು. ಅದರಿಂದ ಮಕ್ಕಳ ಊಟದ ತಟ್ಟೆ ಉಜ್ಜುವುದು ಖಂಡಿತ ಸರಿಯಲ್ಲ. ಆದರೆ ವಸ್ತುವಿನ ಹೆಸರೇ ಇಲ್ಲದ ಪೊಟ್ಟಣ ಕೊಂಡವರಿಗೆ ಇದು ತಿಳಿಯುವುದಾದರೂ ಹೇಗೆ? ಸದಾ ಒದ್ದೆಯಾಗಿರುವ ಸ್ಪಾಂಜಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಬೇರೆ ಇದೆ.

ಪೊಟ್ಟಣ ಸರಕುಗಳ 2011ರ ನಿಯಮಗಳು ತಯಾರಕರ ವಿಳಾಸ, ಪ್ರಮಾಣ, ಬೆಲೆಯನ್ನು ಮುದ್ರಿಸಬೇಕೆನ್ನುತ್ತವೆ. ತೂಕ, ಅಳತೆಗಳ ಮೇಲ್ವಿಚಾರಣೆ ನಡೆಸುವ ಕಾನೂನು ಮಾಪನಶಾಸ್ತ್ರ ಇಲಾಖೆ ಇದನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಲಿ. ಸ್ಪಾಂಜಿನಲ್ಲಿ ಬಳಸಿದ ವಸ್ತು ಮತ್ತು ಬಳಕೆಯ ಎಚ್ಚರಿಕೆಯನ್ನು ಕನ್ನಡದಲ್ಲಿ ಮುದ್ರಿಸುವುದನ್ನೂ ಸರ್ಕಾರ ಕಡ್ಡಾಯಗೊಳಿಸಲಿ. ಜೊತೆಗೆ ನಮ್ಮ ಭಾಗದ ತೆಂಗಿನ ನಾರು, ಒಣಗಿದ ಹೀರೇಕಾಯಿಯ ನಾರುಗಳನ್ನು ಹಾಪ್‌ಕಾಮ್ಸ್ ಮಳಿಗೆಗಳಲ್ಲಿ ಮಾರಾಟಕ್ಕಿಡಬೇಕು.

– ಒಬ್ಬ ಗೃಹಿಣಿ, ಸರಸ್ವತಿಪುರಂ, ಮೈಸೂರು