ಮಗಳಿಗೊಂದು ಪತ್ರ: ಅಜ್ಜನ ಕಾರ್ಬನ್ ಹಾಳೆ

ಪೆರ್ಲ,
ಭಾನುವಾರ ಸಂಜೆ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಹೇಳಲು ಆಗಲಿಲ್ಲ. ಅಜ್ಜ ತೀರಿಕೊಂಡು ವರ್ಷ ತುಂಬಿದ ವರ್ಷಾಂತದ ದಿನ ಅದು, ಮನೆ ತುಂಬ ನೆಂಟರು. "ಅಮ್ಮಾ, ನನಗೆ ಅಜ್ಜ ಅಂದ್ರೆ ಪೋಸ್ಟ್‌ಕಾರ್ಡ್. ಶಾಲೆಯಲ್ಲಿ ಅವರು ಹೇಗಿದ್ದರು ಅಂತ ಗೊತ್ತೇ ಇಲ್ಲ" ಅಂದೆ ಅಲ್ವಾ? ಆ ಮಾತು ಆವತ್ತಿಂದ ತಲೆಯಲ್ಲೇ ಇದೆ. ಇವತ್ತು ಮನೆ ಖಾಲಿ. ಅಜ್ಜಿ ಮಲಗಿದ್ದಾರೆ. ಜಗಲಿಯಲ್ಲಿ ಅಜ್ಜ ಕೂರುತ್ತಿದ್ದ ಜಾಗದಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನ ಅಜ್ಜ, ಅಂದರೆ ನನ್ನ ಅಪ್ಪ ಹುಟ್ಟಿದ್ದು 1946ರಲ್ಲಿ. ಹತ್ತು ವರ್ಷದ ಹುಡುಗನಾಗಿದ್ದಾಗ ಅವರ ಊರಿನ ರಾಜ್ಯವೇ ಬದಲಾಯಿತು. 1956ರ ಅಕ್ಟೋಬರ್ 31ರ ತನಕ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮರುದಿನ ಬೆಳಗಾದರೆ ಕೇರಳ. "ಬೆಂಚು ಅದೇ, ಮಾಸ್ಟ್ರು ಅವರೇ, ಬೋರ್ಡಿನ ಮೇಲಿನ ಅಕ್ಷರವೂ ಅದೇ. ನಾವು ಮಾತ್ರ ಬೇರೆ ಕಡೆಯವರು" ಎನ್ನುತ್ತಿದ್ದರು. 1967ರಲ್ಲಿ ಗಡಿ ವಿವಾದಕ್ಕಾಗಿ ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ವರದಿ ಕೊಟ್ಟಾಗ ಅಪ್ಪನಿಗೆ 21. ಆ ವರದಿ ಜಾರಿಗೆ ಬರಲೇ ಇಲ್ಲ. ಅದನ್ನು ಕಾಯುತ್ತಾ ಕೂರುವ ಬದಲು ಅವರು ಮಾಸ್ಟ್ರಾದರು. ಮಕ್ಕಳು ಕನ್ನಡದಲ್ಲಿ ಓದುತ್ತಿದ್ದರೆ ಗೆರೆ ಎಲ್ಲಿ ಬೇಕಾದರೂ ಇರಲಿ ಎಂಬುದು ಅವರ ಲೆಕ್ಕ.

ಹಾಗಂತ ಮಲಯಾಳಂ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಇದನ್ನು ನೀನು ತಿಳಿದಿರಬೇಕು. ನಮ್ಮ ಮನೆಮಾತು ತುಳು. ಅಪ್ಪನ ಕ್ಲಾಸಿನಲ್ಲಿ ಮನೆಗೆ ಹೋದರೆ ಮರಾಠಿ ಮಾತಾಡುವವರು, ಬ್ಯಾರಿ ಮಾತಾಡುವವರು, ಕೊಂಕಣಿಯವರು, ಮಲಯಾಳಂನವರು ಎಲ್ಲ ಇದ್ದರು. ಎಲ್ಲರೂ ಒಟ್ಟಿಗೆ ಓದುತ್ತಿದ್ದದ್ದು ಕನ್ನಡ. ಸರ್ಕಾರದ ಸುತ್ತೋಲೆ ಬರುತ್ತಿದ್ದದ್ದು ಮಲಯಾಳಂನಲ್ಲಿ. ಕೆಲಸಕ್ಕೆ ಸೇರಿದ ಮೇಲೆ ಅಪ್ಪ ಪಕ್ಕದ ಮನೆಯವರ ಹತ್ತಿರ ಕೂತು ಆ ಅಕ್ಷರ ಕಲಿತರು, ಬಸ್ಸಿನ ಬೋರ್ಡು ಓದಿ ಓದಿ ಪಳಗಿದರು. ಅದು ಸುಮ್ನೆ ಕಲಿತದ್ದಲ್ಲ. ಯಾಕೆ ಬೇಕಿತ್ತು ಅಂತ ಈಗ ಹೇಳುತ್ತೇನೆ.

ಜೂನ್ 1ಕ್ಕೆ ಶಾಲೆ ಶುರು. ಮಲಯಾಳಂ ಮೀಡಿಯಂ ಮಕ್ಕಳ ಕೈಯಲ್ಲಿ ಪುಸ್ತಕ ಇರುತ್ತಿತ್ತು. ಅದೇ ಪುಸ್ತಕ ಕನ್ನಡಕ್ಕೆ ಅನುವಾದವಾಗಿ, ಅಚ್ಚಾಗಿ ನಮಗೆ ಸಿಗುವಾಗ ಕೆಲವು ವರ್ಷ ಆಗಸ್ಟ್ ಹೊತ್ತಿನ ಓಣಂ ಪರೀಕ್ಷೆ ಹತ್ತಿರ ಬಂದಿರುತ್ತಿತ್ತು. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷವೂ ಹಾಗೇ ಆಯಿತು. ಅಪ್ಪ ಮಲಯಾಳಂನ ವಿಜ್ಞಾನ ಪುಸ್ತಕ ಸಾಲ ತಂದರು. ರಾತ್ರಿ ಊಟ ಆದ ಮೇಲೆ ಚಿಮಿಣಿ ದೀಪದ ಮುಂದೆ ಅವರು ಓದಿ ಕನ್ನಡದಲ್ಲಿ ಹೇಳುವುದು, ನಾನು ಬರೆಯುವುದು. ಹಾಳೆಯ ಅಡಿಗೆ ಕಾರ್ಬನ್, ಅದರಡಿಗೆ ಮತ್ತೆ ಹಾಳೆ, ಮತ್ತೆ ಕಾರ್ಬನ್. ಬಾಲ್ ಪೆನ್ನನ್ನು ಒತ್ತಿ ಒತ್ತಿ ಬೆರಳಿನಲ್ಲಿ ಗುಳಿ ಬೀಳುತ್ತಿತ್ತು. ಒಂದು ಸಲಕ್ಕೆ ನಾಲ್ಕು ಪ್ರತಿ. ಮೂರು ಚೆನ್ನಾಗಿ ಮೂಡುತ್ತಿತ್ತು. ನಾಲ್ಕನೆಯದು ಮಸುಕು, ಓದಬೇಕಾದರೆ ಬೆಳಕಿಗೆ ಹಿಡಿಯಬೇಕು.

ಆ ನಾಲ್ಕನೆಯದು ನನಗೆ.

ಬರೆದವಳು ನಾನು, ಬೆರಳು ನೋವು ನನಗೆ, ಚೆನ್ನಾಗಿರುವ ಪ್ರತಿ ಬೇರೆಯವರ ಮಕ್ಕಳಿಗೆ. ಒಂದು ರಾತ್ರಿ ಅತ್ತುಬಿಟ್ಟೆ. ಅಪ್ಪ ದೀಪದ ಬತ್ತಿ ತಗ್ಗಿಸಿ, ನನ್ನ ಕೈ ತಗೊಂಡು ಬೆರಳಿನ ಗುಳಿಗೆ ತೆಂಗಿನೆಣ್ಣೆ ಹಚ್ಚಿದರು. "ನಿನಗೆ ಗೊತ್ತಾಗದಿದ್ದರೆ ಓದಿ ಹೇಳಲು ಮನೆಯಲ್ಲಿ ನಾನಿದ್ದೇನೆ. ಅವರ ಮನೆಯಲ್ಲಿ ಯಾರಿದ್ದಾರೆ?" ಎಂದರು. ನನ್ನ ಅಳು ಆಗ ನಿಲ್ಲಲಿಲ್ಲ. ಆ ಮಾತು ನನ್ನೊಳಗೆ ಇಳಿಯಲು ಎಷ್ಟೋ ವರ್ಷ ಬೇಕಾಯಿತು.

ಅನುವಾದ ಮಾಡುವಾಗ ಅವರದೊಂದು ಕ್ರಮ ಇತ್ತು. ಮಲಯಾಳಂ ಪುಸ್ತಕದಲ್ಲಿ 'ಪ್ರಕಾಶಸಂಶ್ಲೇಷಣಂ' ಎಂದಿತ್ತು. ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ. "ಏನು ಅರ್ಥ ಆಯಿತು?" ಎಂದು ನನ್ನನ್ನೇ ಕೇಳಿದರು. ನಾನು ಬೆಬ್ಬೆಬ್ಬೆ. "ಹಾಗಾದರೆ ಪಕ್ಕದಲ್ಲಿ ಬರಿ: ಎಲೆ ಬಿಸಿಲಿನಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುವುದು." ದೊಡ್ಡ ಶಬ್ದವನ್ನು ಅವರು ಬಿಡುತ್ತಿರಲಿಲ್ಲ, ಪರೀಕ್ಷೆಗೆ ಬೇಕಲ್ಲ. ಆದರೆ ಅದರ ಪಕ್ಕದಲ್ಲಿ ನಮ್ಮ ಮಾತೊಂದು ಇರಲೇಬೇಕಿತ್ತು.

ಅಂತರ್ಜಲದ ಪಾಠ ಬಂದಾಗ ಹಾಳೆ ಬರೆಸಲೇ ಇಲ್ಲ. ಇಡೀ ಕ್ಲಾಸನ್ನು ನಮ್ಮ ತೋಟದ ಸುರಂಗಕ್ಕೆ ಕರಕೊಂಡು ಬಂದರು. ನೀನು ಸಣ್ಣವಳಿದ್ದಾಗ ಬಾಯಿಯ ತನಕ ಹೋಗಿ ಹೆದರಿ ಓಡಿ ಬಂದಿದ್ದೆ, ಅದೇ ಸುರಂಗ. ಮುರಕಲ್ಲಿನ ಗುಡ್ಡದ ಒಳಕ್ಕೆ ಅಡ್ಡವಾಗಿ ಕೊರೆದದ್ದು, ಒಬ್ಬ ಮನುಷ್ಯ ಹೋಗುವಷ್ಟೇ ಜಾಗ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲೆಂದರೆ ಹೆಚ್ಚುಕಡಿಮೆ ಎರಡೂವರೆ ಅಡಿ. ಅಪ್ಪ ಮೇಣದಬತ್ತಿ ಹಚ್ಚಿ ಮುಂದೆ ಹೋದರು, ನಾವು ನಾಲ್ಕು ನಾಲ್ಕು ಜನ ಹಿಂದೆ. ಬತ್ತಿ ಯಾಕೆ ಗೊತ್ತಾ? ಸುರಂಗ ಕೊರೆಯುವವರು ದೀಪ ಇಟ್ಟುಕೊಂಡೇ ಒಳಗೆ ಹೋಗುತ್ತಾರೆ. ಅದು ಆರಲು ನೋಡಿದರೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಆಮ್ಲಜನಕದ ಪಾಠವೂ ಅಲ್ಲೇ ಆಯಿತು. ಒಳಗೆ ತಣ್ಣಗೆ, ಕಲ್ಲಿನಿಂದ ನೀರು ತೊಟ್ಟಿಕ್ಕುವ ಸದ್ದು. "ಗೋಡೆಗೆ ಅಂಗೈ ಇಡಿ. ಹೋದ ಮಳೆಗಾಲದ ನೀರು ಇದು, ಗುಡ್ಡ ಹಿಡಿದಿಟ್ಟು ಈಗ ಬಿಡುತ್ತಾ ಇದೆ" ಎಂದರು. ಪಂಪು ಬೇಡ, ಹಗ್ಗ ಬೇಡ, ನೀರು ತಾನಾಗಿ ಹರಿದು ಬಂದು ಕೆರೆಗೆ ಬೀಳುತ್ತದೆ. ಆ ವರ್ಷದ ಕ್ಲಾಸಿನವರು ಸಿಕ್ಕಿದರೆ ಈಗಲೂ ಆ ಅಂಗೈಯ ಮಾತೇ ಬರುವುದು.

ಮೇ ತಿಂಗಳು ಬಂತೆಂದರೆ ಅಪ್ಪ ಮನೆಯಲ್ಲಿ ಕಾಣಿಸುತ್ತಿರಲಿಲ್ಲ. ಎಯ್ಡೆಡ್ ಶಾಲೆ, ಅಂದರೆ ಸರ್ಕಾರದ ಅನುದಾನದ ಖಾಸಗಿ ಶಾಲೆ ನಮ್ಮದು. ಜೂನ್‌ನಲ್ಲಿ ಶಾಲೆ ತೆರೆದ ಆರನೇ ದಿನ ಮಕ್ಕಳ ತಲೆ ಎಣಿಸುತ್ತಾರೆ. ಲೆಕ್ಕಕ್ಕೆ ಕಮ್ಮಿ ಬಿದ್ದರೆ ಒಂದು ಡಿವಿಷನ್ ಹೋಯಿತು, ಒಬ್ಬ ಟೀಚರ್ ಹೋದರು. ಹಾಗಾಗಿ ಕೊಡೆ ಹಿಡಿದು ಗುಡ್ಡ ಹತ್ತಿ ಇಳಿದು ಮನೆಮನೆ ತಿರುಗುವುದು. "ಮಾಸ್ಟ್ರೇ, ಕನ್ನಡ ಕಲಿತು ಇಲ್ಲಿ ಕೆಲಸ ಸಿಗ್ತದಾ?" ಎಂದು ಕೇಳಿದವರಿಗೆ ಅವರು ಸುಳ್ಳು ಹೇಳುತ್ತಿರಲಿಲ್ಲ. "ಕೆಲಸದ ಮಾತು ನಾನು ಕೊಡಲಾರೆ. ಮಗು ಕೇಳಿದ್ದು ಅರ್ಥ ಮಾಡಿಕೊಂಡು ಕಲಿಯುತ್ತದೆ, ಆ ಮಾತು ಕೊಡುತ್ತೇನೆ" ಎನ್ನುತ್ತಿದ್ದರು.

ಕೆಲವು ಮನೆಗಳಿಗೆ ಹೋಗಿ ಬಂದ ದಿನ ಊಟ ಮಾಡುತ್ತಿರಲಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ವರ್ಷಗಳು ಅವು. ನಡೆಯಲಾಗದ, ಮಾತು ಬಾರದ ಮಕ್ಕಳಿದ್ದರು. ಯಾವ ಹಾಜರಿ ಪುಸ್ತಕದಲ್ಲೂ ಅವರ ಹೆಸರಿರಲಿಲ್ಲ. ಅಪ್ಪ ಭಾನುವಾರ ಅವರ ಹತ್ತಿರ ಹೋಗಿ ಕಥೆ ಹೇಳಿ ಬರುತ್ತಿದ್ದರು. ಇದಕ್ಕಿಂತ ಜಾಸ್ತಿ ನನ್ನಿಂದ ಬರೆಯಲಾಗುವುದಿಲ್ಲ.

ಮನೆಯ ಅಪ್ಪನ ಬಗ್ಗೆ ನಿನಗೆ ಅರ್ಧ ಗೊತ್ತು. ಬೆಳಿಗ್ಗೆ ಐದಕ್ಕೆ ಎದ್ದು ಅಡಿಕೆ ತೋಟಕ್ಕೆ ನೀರು ಬಿಟ್ಟು, ಬಂದು ನನ್ನ ಜಡೆ ಹೆಣೆಯುತ್ತಿದ್ದರು. ಅಮ್ಮ ಬಾಣಂತಿಯಾಗಿದ್ದಾಗ ಕಲಿತದ್ದು, ಆಮೇಲೂ ಬಿಡಲಿಲ್ಲ. ಕೊನೆಯ ವರ್ಷಗಳಲ್ಲಿ ಅಮ್ಮನ ಕಣ್ಣು ಮಂದವಾದ ಮೇಲೆ ದಿನಾ ಪೇಪರ್ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನಡುನಡುವೆ ನಿಲ್ಲಿಸಿ "ಅರ್ಥ ಆಯಿತಾ?" ಅಂತ ಕೇಳಬೇಕು. ಅಮ್ಮ "ಆಯಿತು ಮಾಸ್ಟ್ರೇ" ಎನ್ನಬೇಕು. ಈಗ ಪೇಪರ್ ನಾನು ಓದುತ್ತೇನೆ. ನಿನ್ನೆ ಅಮ್ಮ, "ನೀನು ಕೇಳುವುದೇ ಇಲ್ಲವಲ್ಲ" ಎಂದರು.

2015ರ ಆಗಸ್ಟಿನಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು ನಿನಗೆ ನೆನಪಿರಬಹುದು. ನೂರು ತುಂಬಿ ಎರಡು ತಿಂಗಳಾಗಿತ್ತಷ್ಟೆ. ಆವತ್ತು ಅಪ್ಪ ಬದಿಯಡ್ಕಕ್ಕೆ ಹೋಗಿ ಕೈಮುಗಿದು ಬಂದರು. "ಕವಿ ಅಂತ ಎಲ್ಲರೂ ಹೇಳುತ್ತಾರೆ. ಪೆರಡಾಲದ ಶಾಲೆಯಲ್ಲಿ ಪಾಠ ಮಾಡಿದ ಮಾಸ್ಟ್ರು ಕೂಡ ಅವರು, ತೋಟಕ್ಕಿಳಿದು ದುಡಿದವರು ಕೂಡ" ಎಂದು ಸಂಜೆಯೆಲ್ಲ ಅದನ್ನೇ ಹೇಳಿದರು.

ಇನ್ನೊಂದು ವಿಷಯ, ನಾನು ನಿನಗೆ ಯಾವತ್ತೂ ಹೇಳದ್ದು. ನಿನ್ನನ್ನು ಮಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಂಗೆ ಸೇರಿಸಿದ ದಿನ ಅಪ್ಪನಿಗೆ ಹೇಳಲು ನನಗೆ ಧೈರ್ಯ ಇರಲಿಲ್ಲ. ಊರಿನವರ ಮಕ್ಕಳಿಗಾಗಿ ಗುಡ್ಡ ಹತ್ತಿದವರು ಅವರು, ಅವರದೇ ಮೊಮ್ಮಗಳು ಕನ್ನಡ ಶಾಲೆಗೆ ಹೋಗಲಿಲ್ಲ. ಕೊನೆಗೆ ಫೋನು ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಗು ಚೆನ್ನಾಗಿ ಓದಲಿ. ನಿಮ್ಮ ಮನೆಯ ಪಿನ್‌ಕೋಡ್ ಹೇಳು" ಎಂದರು, ಅಷ್ಟೇ. ಮುಂದಿನ ವಾರ ಮೊದಲ ಕಾರ್ಡು ಬಂತು. 50 ಪೈಸೆಯ ಪೋಸ್ಟ್‌ಕಾರ್ಡು, ಅದರಲ್ಲಿ ದೊಡ್ಡ ಅಕ್ಷರದಲ್ಲಿ ನಾಲ್ಕೇ ಪದ: "ದನ ಕರು ಹಾಕಿದೆ. ಬಾ." ಆಮೇಲೆ ವಾರಕ್ಕೊಂದು. ಮೊದಮೊದಲು ಒತ್ತಕ್ಷರ ಇರುತ್ತಿರಲಿಲ್ಲ. ನೀನು ಓದಲು ಪಳಗಿದ ಹಾಗೆ ಒಂದೊಂದಾಗಿ ಬಂತು. ನಿನಗೆ ಅದು ಅಜ್ಜನ ಕಾರ್ಡು. ಅವರು ಪಾಠ ಮಾಡುತ್ತಿದ್ದರು, ಮಗಳೇ. ನಾನು ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದು, ನೀನು ಪುಣೆಯಲ್ಲಿ ಕೂತು ಇದನ್ನು ಓದುತ್ತಿರುವುದು ಆ ಕಾರ್ಡುಗಳಿಂದ.

ಮೇ ತಿಂಗಳಲ್ಲಿ ಒಂದು ವಾರ ರಜೆ ಹಾಕಿ ಬಾ. ಸುರಂಗದ ಬಾಯಿಗೆ ಬೆಳೆದ ಕಾಡು ಕಡಿಸಿದ್ದೇನೆ. ನೀರು ಸಣ್ಣಗೆ ಬರುತ್ತಾ ಇದೆ. ಈ ಸಲ ಒಳಗೆ ಹೋಗೋಣ, ಬತ್ತಿ ನಾನು ಹಿಡಿಯುತ್ತೇನೆ.

ಅಪ್ಪನ ಮೇಜಿನ ಖಾನೆಯಲ್ಲಿ ಹಳೆಯ ಕಾರ್ಬನ್ ಹಾಳೆ ಒಂದು ಸಿಕ್ಕಿತು. ಅದನ್ನಿಟ್ಟೇ ಇದನ್ನು ಬರೆದಿದ್ದೇನೆ. ಮೇಲಿನ ಪ್ರತಿ ನಿನಗೆ ಕಳಿಸುತ್ತಿದ್ದೇನೆ. ಅಡಿಯದ್ದು ಮಸುಕಾಗಿದೆ, ಅದು ನನ್ನ ಹತ್ತಿರ ಇರಲಿ.

ನಿನ್ನ
ಅಮ್ಮ